ಜಾಂಬಿ ಹಾವಳಿಯನ್ನು ಸೇನೆ ತಡೆಯಬಲ್ಲದೇ? ರೇಬೀಸ್ ಕೊಡುವ ಉತ್ತರ

ಒಬ್ಬ ಕಚ್ಚುತ್ತಾನೆ, ಕಚ್ಚಿಸಿಕೊಂಡವನೂ ಕಚ್ಚಲು ಹೊರಡುತ್ತಾನೆ. ನೋಡನೋಡುತ್ತಿದ್ದಂತೆ ಊರೇ ಖಾಲಿ. ಜಾಂಬಿ ಚಿತ್ರಗಳ ಕಥೆ ಬಹುತೇಕ ಇಷ್ಟೇ. 2016ರ ಕೊರಿಯನ್ ಚಿತ್ರ ‘ಟ್ರೇನ್ ಟು ಬುಸಾನ್’ ನೋಡಿದ ಮಕ್ಕಳಾಗಲಿ, ಕರ್ನೂಲಿನಲ್ಲಿ ನಡೆಯುವ ಕಥೆಯ ತೆಲುಗು ಚಿತ್ರ ‘ಜಾಂಬಿ ರೆಡ್ಡಿ’ ನೋಡಿದವರಾಗಲಿ ಕೇಳುವ ಪ್ರಶ್ನೆ ಒಂದೇ: ನಿಜವಾಗಿ ಹೀಗಾದರೆ ಸೇನೆ, ಟ್ಯಾಂಕು, ಹೆಲಿಕಾಪ್ಟರ್‌ಗಳಿಂದ ತಡೆಯಲು ಆಗುವುದಿಲ್ಲವೇ?

ಪ್ರಶ್ನೆ ತಮಾಷೆಯದಾದರೂ ದೊಡ್ಡವರೂ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದ ಸೇನೆಯ ಸ್ಟ್ರಾಟೆಜಿಕ್ ಕಮಾಂಡ್ 2011ರಲ್ಲಿ ಜಾಂಬಿಗಳ ವಿರುದ್ಧ ಒಂದು ಯುದ್ಧಯೋಜನೆಯನ್ನೇ ಬರೆದಿಟ್ಟಿತ್ತು. ಅದು ಅಧಿಕಾರಿಗಳ ತರಬೇತಿಗಾಗಿ ಮಾಡಿದ್ದು, 2014ರಲ್ಲಿ ಸುದ್ದಿಯಾಯಿತು. ಅದರ ಶತ್ರುಗಳ ಪಟ್ಟಿಯಲ್ಲಿ ಸಸ್ಯಾಹಾರಿ ಜಾಂಬಿಗಳೂ ಇದ್ದವು! 2009ರಲ್ಲಿ ಕೆನಡಾದ ಗಣಿತಜ್ಞರು ಜಾಂಬಿ ಸೋಂಕು ಹರಡುವ ಬಗೆಯನ್ನು ಲೆಕ್ಕ ಹಾಕಿ, ಬೇಗನೆ, ಮತ್ತೆ ಮತ್ತೆ, ಹೆಚ್ಚುತ್ತಾ ಹೋಗುವ ಬಲದಿಂದ ದಾಳಿ ಮಾಡಿದರೆ ಮಾತ್ರ ಮನುಷ್ಯರು ಉಳಿಯುತ್ತಾರೆ ಎಂದಿದ್ದರು. ಅಂದರೆ ಅವರ ಉತ್ತರ ಬಂದೂಕೇ. ಆದರೆ ಆ ಲೆಕ್ಕದಲ್ಲಿ ಸತ್ತವರು ಮತ್ತೆ ಎದ್ದು ಬರುತ್ತಿದ್ದರು, ಮತ್ತು ಲಸಿಕೆ ಇರಲಿಲ್ಲ. ಈ ಎರಡು ಅಂಶ ಬದಲಾದರೆ ಉತ್ತರವೇ ಬದಲಾಗುತ್ತದೆ.

ಏಕೆಂದರೆ ಕಡಿತದಿಂದ ಹರಡುವ, ಮಿದುಳನ್ನು ಹಿಡಿದು ವರ್ತನೆಯನ್ನೇ ಬದಲಿಸುವ ನಿಜವಾದ ಸೋಂಕು ನಮ್ಮ ನಡುವೆಯೇ ಇದೆ. ಅದು ರೇಬೀಸ್, ನಮ್ಮ ಹಳ್ಳಿಗಳ ಮಾತಿನಲ್ಲಿ ಹುಚ್ಚುನಾಯಿ ರೋಗ. ಅದರ ವಿರುದ್ಧ ಮನುಷ್ಯ ಬಂದೂಕು, ವಿಷ, ಅನಿಲ ಎಲ್ಲವನ್ನೂ ಬಳಸಿ ನೋಡಿದ್ದಾನೆ. ಫಲಿತಾಂಶ ಏನಾಯಿತು ಎಂಬುದೂ ದಾಖಲಾಗಿದೆ.

ರೇಬೀಸ್ ವೈರಾಣು ಮಾಡುವುದೇನು?

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ವೈರಾಣುವಿನ ಆಕಾರ ಬಂದೂಕಿನ ಗುಂಡಿನಂತೆಯೇ ಇದೆ. ಅದರಲ್ಲಿರುವುದು ಐದೇ ಐದು ವಂಶವಾಹಿಗಳು. ಸೋಂಕಿತ ನಾಯಿಯ ಜೊಲ್ಲಿನ ಮೂಲಕ ಗಾಯದೊಳಗೆ ಹೋದ ವೈರಾಣು ಮೊದಲು ಅಲ್ಲಿನ ಸ್ನಾಯುವಿನಲ್ಲಿ ತಂಗುತ್ತದೆ. ನಂತರ ನರದ ಎಳೆಯೊಳಗೆ ನುಸುಳಿ, ರಕ್ತದ ದಾರಿ ಹಿಡಿಯದೆ, ನರದ ಉದ್ದಕ್ಕೂ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವರಲ್ಲಿ ವಾರವೇ ಸಾಕು, ಅಪರೂಪಕ್ಕೆ ವರ್ಷ ದಾಟಿದ್ದೂ ಇದೆ. ಮುಖ, ಕುತ್ತಿಗೆ, ಕೈಬೆರಳುಗಳ ಕಡಿತ ಹೆಚ್ಚು ಅಪಾಯಕಾರಿ ಎನ್ನುವುದು ಇದಕ್ಕೇ: ಅಲ್ಲಿ ನರಗಳು ಹೆಚ್ಚು, ಮುಖದಿಂದ ಮಿದುಳಿಗೆ ದಾರಿಯೂ ಹತ್ತಿರ. ಮಕ್ಕಳು ಕುಳ್ಳಗಿರುವುದರಿಂದ ನಾಯಿಯ ಬಾಯಿ ಅವರ ಮುಖಕ್ಕೇ ಎಟುಕುತ್ತದೆ.

ಮಿದುಳು ಸೇರಿದ ಮೇಲೆ ವೈರಾಣು ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ನುಂಗುವ ಸ್ನಾಯುಗಳು ಸೆಟೆದು, ನೀರು ಕಂಡರೂ ಗಂಟಲು ಬಿಗಿಯುತ್ತದೆ. ಇದೇ ಜಲಭೀತಿ. ನುಂಗಲಾಗದ ಜೊಲ್ಲು ಬಾಯಲ್ಲೇ ತುಂಬುತ್ತದೆ, ನಾಯಿಯಾದರೆ ಕೆರಳಿ ಕಚ್ಚುತ್ತದೆ. ವೈರಾಣುವಿಗೆ ಬೇಕಾಗಿದ್ದೂ ಅದೇ. ಜಾಂಬಿ ಕಥೆಗಳಿಗೂ ಈ ರೋಗಕ್ಕೂ ಇರುವ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ರೇಬೀಸ್ ಬಂದ ಮನುಷ್ಯ ಎದ್ದು ಊರನ್ನು ಕಚ್ಚುತ್ತಾ ಹೋಗುವುದಿಲ್ಲ. ಅವನು ಮಂಚದ ಮೇಲೆ ನರಳುತ್ತಿರುವ ರೋಗಿ. ಈ ವ್ಯತ್ಯಾಸ ಆರೈಕೆ ಮಾಡುವವರಿಗೆ ಬಹಳ ಮುಖ್ಯ. ಕೊನೆಯಲ್ಲಿ ಅದಕ್ಕೆ ಬರುತ್ತೇವೆ.

ಬಂದೂಕು ಸೋತದ್ದು ಏಕೆ?

ನಾಯಿಗಳನ್ನು ಕೊಂದರೆ ರೇಬೀಸ್ ಹೋಗುತ್ತದೆ ಎಂಬ ಮಾತು ಇಂದಿಗೂ ಪ್ರತಿ ಬೀದಿಯಲ್ಲಿ ಕೇಳಿಬರುತ್ತದೆ. ಆ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ಬೀದಿನಾಯಿಗಳ ದಾಳಿಗೆ ಪುಟ್ಟ ಬಾಲಕನೊಬ್ಬ ಬಲಿಯಾದಾಗ ಇಡೀ ನಗರ ತತ್ತರಿಸಿತ್ತು. ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರಿಗೆ ಅಂಕಿಅಂಶ ಹೇಳಿ ಸಮಾಧಾನ ಮಾಡಲಾಗದು. ಆದರೂ ರೇಬೀಸ್ ತಡೆಯುವುದೇ ಗುರಿಯಾದರೆ, ಕೊಲ್ಲುವ ದಾರಿಯ ಇತಿಹಾಸವನ್ನು ನೋಡಲೇಬೇಕು.

ಮದ್ರಾಸ್ ನಗರಪಾಲಿಕೆ 1860ರಲ್ಲೇ ಬೀದಿನಾಯಿಗಳನ್ನು ಹಿಡಿದು ಕೊಲ್ಲಲು ಶುರು ಮಾಡಿತು. ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ ಹೇಳುವಂತೆ, ಆಗ ದಿನಕ್ಕೆ ಒಂದು ನಾಯಿಯೂ ಇರದಿದ್ದ ಲೆಕ್ಕ 1995ರ ಹೊತ್ತಿಗೆ ದಿನಕ್ಕೆ 135ರವರೆಗೆ ಏರಿತ್ತು. ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕೊಂದ ಮೇಲೂ ನಾಯಿಗಳಿದ್ದವು, ರೇಬೀಸೂ ಇತ್ತು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಕಥೆ ಇನ್ನೂ ಸ್ಪಷ್ಟ. 1997ರವರೆಗೆ ಆ ದ್ವೀಪದಲ್ಲಿ ರೇಬೀಸ್ ಇರಲೇ ಇಲ್ಲ. ದೋಣಿಯಲ್ಲಿ ಬಂದ ನಾಯಿಗಳ ಜೊತೆ ರೋಗ ಬಂತು. ಅಧಿಕಾರಿಗಳು ಲಕ್ಷಗಟ್ಟಲೆ ನಾಯಿಗಳನ್ನು ಕೊಂದರು, ರೋಗ ಹೋಗಲಿಲ್ಲ. 2008ರಲ್ಲಿ ಬಾಲಿಗೂ ರೋಗ ಹರಡಿತು. ಅಲ್ಲಿಯೂ ಮೊದಲು ಕೊಂದರು, ಸಾವುಗಳು ಏರುತ್ತಲೇ ಹೋದವು. ನಂತರ ದ್ವೀಪದಾದ್ಯಂತ ನಾಯಿಗಳಿಗೆ ಲಸಿಕೆ ಹಾಕಿದ ಮೇಲೆ ಮನುಷ್ಯರ ಸಾವು ತಟ್ಟನೆ ಇಳಿಯಿತು.

ಕೊಲ್ಲುವುದು ಕೆಲಸ ಮಾಡದಿರಲು ಕಾರಣಗಳು ಸರಳ. ಸೋಂಕಿತ ನಾಯಿಯ ಜೊಲ್ಲಿನಲ್ಲಿ ಲಕ್ಷಣ ಕಾಣುವುದಕ್ಕೆ ಕೆಲವು ದಿನ ಮೊದಲೇ ವೈರಾಣು ಇರುತ್ತದೆ. ಬಾಲ ಅಲ್ಲಾಡಿಸುತ್ತಾ ಬಿಸ್ಕತ್ತು ತಿನ್ನುವ ನಾಯಿಯನ್ನು ಯಾವ ಸೈನಿಕ ತಾನೇ ಗುರುತಿಸಿ ಗುಂಡಿಡುತ್ತಾನೆ? ಇನ್ನು, ಒಂದು ಬೀದಿಯ ನಾಯಿಗಳನ್ನು ತೆಗೆದರೆ ಅಲ್ಲಿನ ಕಸದ ತೊಟ್ಟಿ ಹಾಗೇ ಇರುತ್ತದೆ. ಪಕ್ಕದ ಬೀದಿಯಿಂದ ಹೊಸ ನಾಯಿಗಳು ಬಂದು ಸೇರುತ್ತವೆ, ಮರಿಗಳು ಹೆಚ್ಚು ಬದುಕುತ್ತವೆ. ಬಂದವುಗಳಿಗೆ ಲಸಿಕೆ ಆಗಿರುವುದಿಲ್ಲ. ಕೊಂದವುಗಳಲ್ಲಿ ಲಸಿಕೆ ಆಗಿದ್ದವೂ ಇರುತ್ತವೆ, ಅಂದರೆ ಇದ್ದ ಗೋಡೆಯನ್ನು ನಾವೇ ಕೆಡವಿದಂತೆ. ಕೊಲ್ಲುವವರು ಬರುತ್ತಾರೆಂದು ತಿಳಿದ ಜನ ಪ್ರೀತಿಯ ನಾಯಿಯನ್ನು ಬಚ್ಚಿಟ್ಟು ಬೇರೆ ಊರಿಗೆ ಸಾಗಿಸುತ್ತಾರೆ. ರೋಗ ಅದರ ಜೊತೆ ಊರು ಬದಲಿಸುತ್ತದೆ.

ಬ್ರಿಟನ್ 1902ರಲ್ಲಿ ರೇಬೀಸನ್ನು ಓಡಿಸಿದಾಗ ಬೀದಿನಾಯಿಗಳನ್ನು ಹಿಡಿದದ್ದು ನಿಜ ಎಂದು ಕೆಲವರು ವಾದಿಸಬಹುದು. ಹೌದು. ಆದರೆ ಅದು ದ್ವೀಪ. ಜೊತೆಗೆ ಸಾಕುನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯವಾಗಿತ್ತು, ಹೊರಗಿನಿಂದ ಬರುವ ನಾಯಿಗಳನ್ನು ತಿಂಗಳುಗಟ್ಟಲೆ ಪ್ರತ್ಯೇಕವಾಗಿ ಇಡುತ್ತಿದ್ದರು. ಅಲ್ಲಿ ಗೆದ್ದದ್ದು ಕಚ್ಚಲು ಬಿಡದ ವ್ಯವಸ್ಥೆ.

ಹತ್ತರಲ್ಲಿ ಏಳು ನಾಯಿ

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಕಷ್ಟದ್ದೇನಲ್ಲ. ದಡಾರ ಬಂದ ಒಂದು ಮಗು, ಸುತ್ತಲಿನವರಿಗೆ ಲಸಿಕೆ ಆಗಿರದಿದ್ದರೆ, ಹನ್ನೆರಡರಿಂದ ಹದಿನೆಂಟು ಜನರಿಗೆ ರೋಗ ಹರಡಬಲ್ಲದು. ರೇಬೀಸ್ ಬಂದ ಒಂದು ನಾಯಿ ಸರಾಸರಿ ಒಂದರಿಂದ ಎರಡು ನಾಯಿಗಳಿಗಷ್ಟೇ ಹರಡುತ್ತದೆ, ನಂತರ ಕೆಲವೇ ದಿನಗಳಲ್ಲಿ ಸಾಯುತ್ತದೆ, ಎದ್ದು ಬರುವುದಿಲ್ಲ. ಚಿತ್ರಗಳ ಜಾಂಬಿಗಿಂತ ಇದು ಬಹಳ ದುರ್ಬಲ ಶತ್ರು. ಒಂದು ನಾಯಿ ಸರಾಸರಿ ಒಂದೂವರೆ ನಾಯಿಗೆ ಹರಡುತ್ತದೆ ಎಂದುಕೊಳ್ಳಿ. ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಆಗಿದ್ದರೆ ಆ ಒಂದೂವರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಒಂದಕ್ಕಿಂತ ಕೆಳಗೆ ಬಂದ ಸರಪಳಿ ತಾನಾಗಿ ತುಂಡಾಗುತ್ತದೆ. ಲೆಕ್ಕಕ್ಕೆ ಅಷ್ಟು ಬೇಕಿಲ್ಲ ನಿಜ. ಆದರೆ ವರ್ಷದೊಳಗೆ ಎಷ್ಟೋ ನಾಯಿಗಳು ಸತ್ತು ಹೊಸ ಮರಿಗಳು ಹುಟ್ಟುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಶೇ. 70ರ ಗುರಿ ಇಟ್ಟಿದೆ.

ಇದು ಕಾಗದದ ಮೇಲಿನ ಮಾತಲ್ಲ. ನಮ್ಮ ಪಕ್ಕದ ಗೋವಾದಲ್ಲಿ ‘ಮಿಷನ್ ರೇಬೀಸ್’ ಮತ್ತು ಸರ್ಕಾರ ಸೇರಿ ಬೀದಿಬೀದಿಯಲ್ಲಿ ಬಲೆ ಹಿಡಿದು, ಮನೆಮನೆಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದವು, ಶಾಲೆಗಳಲ್ಲಿ ಪಾಠ ಮಾಡಿದವು, ಶಂಕಿತ ನಾಯಿಗಳನ್ನು ಪರೀಕ್ಷಿಸಿದವು. ನಾಯಿಗಳಲ್ಲಿ ರೇಬೀಸ್ ಶೇ. 92ರಷ್ಟು ಇಳಿಯಿತು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಲಾಯಿತು. ಕರ್ನಾಟಕದಿಂದ ಅಲ್ಲಿಗೆ ಒಂದೇ ರಾತ್ರಿಯ ಬಸ್ ಪ್ರಯಾಣ, ನಾಯಿಗಳೂ ಅದೇ ಬಗೆಯವು.

ಹೆಲಿಕಾಪ್ಟರ್‌ಗಳಿಗೂ ಒಂದು ಪಾತ್ರವಿತ್ತು ಅನ್ನಿ. ಯುರೋಪಿನ ಕಾಡುಗಳಲ್ಲಿ ರೇಬೀಸ್ ಹರಡುತ್ತಿದ್ದದ್ದು ನರಿಗಳು. ದಶಕಗಳ ಕಾಲ ಅವುಗಳನ್ನು ಬೇಟೆಯಾಡಿದರು, ಬಿಲಗಳಿಗೆ ವಿಷಾನಿಲ ತುಂಬಿದರು. ನಿಲ್ಲಲಿಲ್ಲ. 1978ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕೋಳಿತಲೆಗಳೊಳಗೆ ಲಸಿಕೆ ಇಟ್ಟು ಕಣಿವೆಯಲ್ಲಿ ಹಂಚಿ ನೋಡಿದರು. ನರಿಗಳು ತಿಂದವು, ರೋಗ ಅಲ್ಲೇ ನಿಂತಿತು. ಆಮೇಲೆ ಹಲವು ದೇಶಗಳು ವಿಮಾನ, ಹೆಲಿಕಾಪ್ಟರ್‌ಗಳಿಂದ ಕಾಡಿನ ಮೇಲೆ ಲಸಿಕೆಯ ತುತ್ತುಗಳನ್ನು ಸುರಿದವು. ಸ್ವಿಟ್ಜರ್‌ಲೆಂಡ್ 1999ರಲ್ಲಿ, ಜರ್ಮನಿ 2008ರಲ್ಲಿ ಈ ರೇಬೀಸಿನಿಂದ ಮುಕ್ತವಾದವು. ಆಕಾಶದಿಂದ ಬಿದ್ದದ್ದು ಬಾಂಬಲ್ಲ, ಲಸಿಕೆ.

ನಾರಾಯಣಗೂಡದ ದಾರಿ

ಹೈದರಾಬಾದಿನಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಹಿರಿಯರ ಬಾಯಿಂದ ಮೊದಲು ಬರುವ ಹೆಸರು ನಾರಾಯಣಗೂಡ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ಜನರ ಬಾಯಲ್ಲಿ ಐಪಿಎಂ, ನಾಯಿ ಕಡಿತಕ್ಕೆ ಲಸಿಕೆ ಹಾಕುವ ಹಳೆಯ ಸರ್ಕಾರಿ ಸಂಸ್ಥೆ. ಹತ್ತಿರದ ನಲ್ಲಕುಂಟದಲ್ಲಿ ಫೀವರ್ ಆಸ್ಪತ್ರೆ ಇದೆ; ರೇಬೀಸ್ ಲಕ್ಷಣ ಕಂಡವರನ್ನು ಸೇರಿಸುವುದು ಅಲ್ಲಿಗೆ. ಎರಡು ಕಟ್ಟಡಗಳ ನಡುವಿನ ದೂರ ಆಟೋದಲ್ಲಿ ಕೆಲವೇ ನಿಮಿಷ. ಆದರೆ ಮೊದಲನೆಯದಕ್ಕೆ ಸಮಯಕ್ಕೆ ಹೋದವರು ಎರಡನೆಯದಕ್ಕೆ ಹೋಗಬೇಕಾಗಿ ಬರುವುದು ತೀರಾ ಅಪರೂಪ. ಜಾಂಬಿ ಚಿತ್ರದ ನಾಯಕ ಊರೆಲ್ಲ ಹುಡುಕುವ ‘ಔಷಧ’ ಇಲ್ಲಿ ಸಾಲಿನಲ್ಲಿ ನಿಂತರೆ ಸಿಗುತ್ತದೆ. ಅಷ್ಟೇ ಅಲ್ಲ, ಮನುಷ್ಯರಿಗೆ ಕೊಡುವ ರೇಬೀಸ್ ಲಸಿಕೆ ಹೈದರಾಬಾದಿನಲ್ಲೇ, ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿಯಲ್ಲಿ, ತಯಾರಾಗುತ್ತದೆ.

ಹಿಂದೆ ಹೀಗಿರಲಿಲ್ಲ. 1902ರಲ್ಲಿ ದಕ್ಷಿಣ ಭಾರತದಲ್ಲಿ ಲಿಲಿ ಪಕೆನ್‌ಹ್ಯಾಮ್ ವಾಲ್ಶ್ ಎಂಬ ಯುವತಿ ರೇಬೀಸಿನಿಂದ ತೀರಿಕೊಂಡರು. ಆ ಸಾವಿನ ನಂತರ ಎದ್ದ ಒತ್ತಾಯದಿಂದ 1907ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ ಶುರುವಾಯಿತು. ಮುಂದೆ ಬಹುಕಾಲ ನಮ್ಮಲ್ಲಿ ಕೊಡುತ್ತಿದ್ದದ್ದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ. ‘ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್’ ಎಂಬ ಭಯ ಹುಟ್ಟಿದ್ದು ಅದರಿಂದಲೇ. ನೋವಿನ ಜೊತೆ ಕೆಲವರಿಗೆ ನರಗಳ ತೊಂದರೆಯೂ ಆಗುತ್ತಿತ್ತು. ಆ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರ ಕೊನೆಗೆ ನಿಂತಿದೆ. ಎರಡು ದಶಕ ಕಳೆದರೂ ಆ ಭಯ ಮಾತ್ರ ಹೋಗಿಲ್ಲ. ಚುಚ್ಚುಮದ್ದಿಗೆ ಹೆದರಿ ಮನೆಯಲ್ಲಿ ಹೇಳದೆ ಗಾಯ ಮುಚ್ಚಿಡುವ ಮಕ್ಕಳು ಈಗಲೂ ಇದ್ದಾರೆ. ಈಗ ಲಸಿಕೆ ಹಾಕುವುದು ತೋಳಿಗೆ (ತೀರಾ ಚಿಕ್ಕ ಮಕ್ಕಳಿಗೆ ತೊಡೆಗೆ), ಒಟ್ಟು ನಾಲ್ಕು ಅಥವಾ ಐದು ಭೇಟಿ ಎಂದು ಮಕ್ಕಳಿಗೆ ಇಂದೇ ತಿಳಿಸಿ.

ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಒಂದು ವಿಶೇಷ ಮಾತು. ದೊಡ್ಡ ಕಾಯಿಲೆ ಎಂದರೆ ಹೈದರಾಬಾದಿಗೆ ಹೊರಡುವುದು ನಿಮ್ಮ ಭಾಗದ ಹಳೆಯ ರೂಢಿ. ನಾಯಿ ಕಡಿತಕ್ಕೆ ಆ ರೂಢಿ ಬೇಡ. ಬೀದರಿನಿಂದ ನಾರಾಯಣಗೂಡಕ್ಕೆ ಸುಮಾರು 140 ಕಿಲೋಮೀಟರ್. ನಾಳೆ ಬೆಳಗಿನ ಬಸ್ಸಿಗೆ ಕಾಯುವ ಬದಲು ಇಂದೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಡುವುದೂ ಅದೇ ಬಗೆಯ ಲಸಿಕೆ.

ಕಚ್ಚಿದ ಕೂಡಲೇ

ಮೊದಲ ಆಯುಧ ಸಾಬೂನು. ಇದು ಅಲಂಕಾರದ ಮಾತಲ್ಲ: ರೇಬೀಸ್ ವೈರಾಣುವಿನ ಹೊರಕವಚ ಕೊಬ್ಬಿನದು, ಸಾಬೂನು ಅದನ್ನು ಕರಗಿಸುತ್ತದೆ. ಹರಿಯುವ ನೀರಿನ ಕೆಳಗೆ ಗಾಯ ಹಿಡಿದು, ಸಾಬೂನು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಹದಿನೈದು ನಿಮಿಷ ನೀವು ಅಂದುಕೊಂಡಿದ್ದಕ್ಕಿಂತ ಉದ್ದ. ಹೆಚ್ಚಿನವರು ಎರಡು ನಿಮಿಷಕ್ಕೇ ನಿಲ್ಲಿಸುತ್ತಾರೆ. ನಂತರ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಖಾರದ ಪುಡಿ, ಸುಣ್ಣ, ಕಾಫಿ ಪುಡಿ, ಅರಿಶಿನ, ಸೊಪ್ಪಿನ ರಸ ಯಾವುದನ್ನೂ ಹಾಕಬೇಡಿ. ಇವು ಗಾಯವನ್ನು ಕೆರಳಿಸುತ್ತವೆ. ಬಿಗಿಯಾಗಿ ಕಟ್ಟಬೇಡಿ. ಆದಷ್ಟು ಹೊಲಿಗೆ ಬೇಡ. ಬೇಕೇಬೇಕಾದರೆ ವೈದ್ಯರು ಮುಂದೆ ಹೇಳುವ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ ಹಾಕುತ್ತಾರೆ.

ಚರ್ಮ ಸರಿಯಿದ್ದು ನಾಯಿ ಬರೀ ನೆಕ್ಕಿದ್ದರೆ ಅಥವಾ ಮುಟ್ಟಿದ್ದರೆ ಲಸಿಕೆ ಬೇಕಿಲ್ಲ. ರಕ್ತ ಬಾರದ ತರಚು, ಹಲ್ಲು ತಾಗಿದ ಗುರುತು ಇದ್ದರೆ ಲಸಿಕೆ ಬೇಕು. ರಕ್ತ ಬಂದ ಕಡಿತ ಅಥವಾ ತರಚು, ಇರುವ ಗಾಯದ ಮೇಲೆ ನೆಕ್ಕುವುದು, ಕಣ್ಣು-ಬಾಯಿಗೆ ಜೊಲ್ಲು ತಾಗುವುದು, ಕಾಡುಪ್ರಾಣಿಯ ಕಡಿತ: ಇವು ಮೂರನೇ ವರ್ಗ. ಇದಕ್ಕೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅಥವಾ ಮಾನೋಕ್ಲೋನಲ್ ಪ್ರತಿಕಾಯ ಬೇಕು. ಬಹಳಷ್ಟು ಮನೆಯವರಿಗೆ ಗೊತ್ತಿರದ ಸಂಗತಿ ಇದೇ. ಲಸಿಕೆ ಹಾಕಿದ ಮೇಲೆ ದೇಹ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಗಾಯದಲ್ಲೇ ವೈರಾಣುವನ್ನು ಕಟ್ಟಿಹಾಕುವ ಸಿದ್ಧ ಪ್ರತಿಕಾಯ ಅದು. ಮೊದಲ ಲಸಿಕೆಯ ದಿನವೇ ಕೊಡುವುದು ಒಳ್ಳೆಯದು. ಅಂದು ಸಿಗದಿದ್ದರೆ ಏಳು ದಿನದೊಳಗೆ ಕೊಡಬಹುದು. ಸಣ್ಣ ಆಸ್ಪತ್ರೆಗಳಲ್ಲಿ ಇದು ಸದಾ ಇರುವುದಿಲ್ಲ. ‘ಇಮ್ಯುನೊಗ್ಲಾಬ್ಯುಲಿನ್ ಬೇಕೇ? ಎಲ್ಲಿ ಸಿಗುತ್ತದೆ?’ ಎಂದು ನೀವೇ ಕೇಳಿ.

ಚರ್ಮದ ಪದರದಲ್ಲಿ ಹಾಕುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ಹಾಕುವ ಕ್ರಮದಲ್ಲಿ 0, 3, 7, 14 ಮತ್ತು 28ನೇ ದಿನ ಲಸಿಕೆ ಇರುತ್ತದೆ. 0 ಎಂದರೆ ಮೊದಲ ಡೋಸ್ ಹಾಕಿದ ದಿನ. ಗಾಯ ಒಣಗಿತೆಂದು ಮೂರನೆಯ ಡೋಸಿಗೇ ನಿಲ್ಲಿಸುವವರು ಬಹಳ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಶಿಶುಗಳು, ವೃದ್ಧರು ಎಲ್ಲರೂ ಹಾಕಿಸಿಕೊಳ್ಳಬಹುದು. ಟಿಟಿ ಇಂಜೆಕ್ಷನ್ ಧನುರ್ವಾಯುವಿಗೆ. ಅದರಿಂದ ರೇಬೀಸ್ ತಡೆಯಲಾಗದು. ನಾಯಿಯನ್ನು ಹತ್ತು ದಿನ ಗಮನಿಸುವುದು ಒಳ್ಳೆಯದೇ, ಆದರೆ ಗಮನಿಸುತ್ತಾ ಚಿಕಿತ್ಸೆಯನ್ನು ಮುಂದೂಡಬೇಡಿ. ಮೊದಲು ಶುರು ಮಾಡಿ. ಹತ್ತು ದಿನದ ನಂತರವೂ ನಾಯಿ ಆರೋಗ್ಯವಾಗಿದ್ದರೆ ಮುಂದಿನದನ್ನು ವೈದ್ಯರು ಹೇಳುತ್ತಾರೆ. ಹಳೆಯ ಕಡಿತಕ್ಕೆ ಲಸಿಕೆ ತಪ್ಪಿಹೋಗಿದ್ದರೆ, ತಿಂಗಳಾಗಿದ್ದರೂ ಹೋಗಿ. ವೈರಾಣು ಇನ್ನೂ ದಾರಿಯಲ್ಲೇ ಇರಬಹುದು.

ಲಕ್ಷಣ ಶುರುವಾದ ಮೇಲೆ

ಐಸಿಎಂಆರ್ ನೇತೃತ್ವದ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳಾಗುತ್ತವೆ, ಸುಮಾರು 5,700 ಮಂದಿ ರೇಬೀಸಿನಿಂದ ಸಾಯುತ್ತಾರೆ. ಲಕ್ಷಣ ಕಂಡ ಮೇಲೆ ಬದುಕಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಈ ಮಾತನ್ನು ಮೃದುವಾಗಿ ಹೇಳುವ ದಾರಿ ಇಲ್ಲ.

ಹಳೆಯ ಗಾಯದಲ್ಲಿ ಜುಮುಜುಮು, ಜ್ವರ, ಕಳವಳ, ನೀರು ಅಥವಾ ಫ್ಯಾನಿನ ಗಾಳಿ ತಾಗಿದರೆ ಗಂಟಲು ಬಿಗಿತ ಕಂಡರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಸುಮಾರು ಐದರಲ್ಲಿ ಒಬ್ಬರಿಗೆ ಕೆರಳುವಿಕೆಯೇ ಇರುವುದಿಲ್ಲ. ಕಾಲಿನಿಂದ ಮೇಲಕ್ಕೆ ಲಕ್ವ ಹೊಡೆದಂತೆ ಆಗುತ್ತದೆ. ಆಗ ವೈದ್ಯರಿಗೆ ಹಳೆಯ ಕಡಿತದ ಬಗ್ಗೆ ನೀವೇ ಹೇಳಬೇಕು. ರೋಗಪತ್ತೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಶೇಷ ಪ್ರಯೋಗಾಲಯವಿದೆ.

ಇಲ್ಲಿ ಜಾಂಬಿ ಕಲ್ಪನೆ ನಿಜವಾದ ಹಾನಿ ಮಾಡುತ್ತದೆ. ರೋಗಿ ಕಚ್ಚಬಹುದೆಂದು ಹೆದರಿ ಹಗ್ಗದಲ್ಲಿ ಕಟ್ಟುವುದು, ಕೋಣೆಯಲ್ಲಿ ಕೂಡಿಹಾಕುವುದು ಇಂದಿಗೂ ನಡೆಯುತ್ತದೆ. ರೋಗಿಯ ಕಡಿತದಿಂದ ಇನ್ನೊಬ್ಬರಿಗೆ ರೇಬೀಸ್ ಬಂದದ್ದು ಪ್ರಯೋಗಾಲಯದಲ್ಲಿ ಖಚಿತವಾದ ಉದಾಹರಣೆ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡಿದ ಖಚಿತ ಪ್ರಕರಣಗಳು ಅಂಗಾಂಗ ಕಸಿಯಿಂದ ಆದವು. ಸೆಳೆತಗಳ ನಡುವೆ ರೋಗಿಗೆ ಪೂರ್ಣ ಎಚ್ಚರವಿರುತ್ತದೆ, ನಿಮ್ಮ ಗುರುತು ಸಿಗುತ್ತದೆ, ಹೆದರಿಕೆಯೂ ಆಗುತ್ತದೆ. ಕೋಣೆಯ ದೀಪ ಮಂದವಾಗಿರಲಿ, ಫ್ಯಾನ್ ಆರಿಸಿ, ಸದ್ದು ಕಡಿಮೆ ಇರಲಿ. ನೋವು ಮತ್ತು ಕಳವಳ ತಗ್ಗಿಸುವ ಔಷಧಗಳಿವೆ. ಅವನ್ನು ಕೊಡಿ ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು. ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಬಹುದು, ಕೈ ಹಿಡಿದುಕೊಳ್ಳಬಹುದು. ರೋಗಿಯ ಜೊಲ್ಲು ನಿಮ್ಮ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ತೊಳೆದು, ನಾಯಿ ಕಡಿತಕ್ಕೆ ಹಾಕುವಂತೆಯೇ ಲಸಿಕೆ ಹಾಕಿಸಿಕೊಳ್ಳಿ. ಮುಟ್ಟಿದ್ದಕ್ಕೆ, ಒಂದೇ ಮನೆಯಲ್ಲಿ ಇದ್ದದ್ದಕ್ಕೆ ಲಸಿಕೆ ಬೇಕಿಲ್ಲ.

ಆ ನಾಯಿ ಅದೇ ದಿನ ಬೀದಿಯಲ್ಲಿ ಬೇರೆ ಯಾರನ್ನು ಕಚ್ಚಿತ್ತು ಎಂದು ಮನೆಯವರಲ್ಲಿ ಒಬ್ಬರು ಹೋಗಿ ವಿಚಾರಿಸಿ ಆರೋಗ್ಯ ಸಿಬ್ಬಂದಿಗೆ ತಿಳಿಸಲಿ. ಅವರಲ್ಲಿ ವೈರಾಣು ಇನ್ನೂ ಮಿದುಳು ಮುಟ್ಟಿರದಿದ್ದರೆ ಲಸಿಕೆಗೆ ಸಮಯವಿದೆ.